ಸರ್ವರ್ ಕಳೆದುಕೊಂಡ ಮೇಲೆ: ಡೇಟಾಬೇಸ್ ಮರಳಿ ಕಟ್ಟುವ ಕುರಿತ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿವೆ. ಲೆಕ್ಕಪತ್ರ, ದಾಖಲಾತಿ, ಹಾಜರಿ ಎಲ್ಲವೂ ಕಂಪ್ಯೂಟರಿಗೆ ಹೋಗಿರುವ ಕಚೇರಿಗಳಲ್ಲಿ ಸರ್ವರ್ ಒಂದು ದಿನ ಇಲ್ಲವಾದರೆ, ತೆಗೆದಿಟ್ಟ ಬ್ಯಾಕಪ್‌ನಿಂದ ಡೇಟಾಬೇಸನ್ನು ಮತ್ತೆ ನಿಲ್ಲಿಸುವುದು ಹೇಗೆ ಎಂಬುದೇ ಅವುಗಳ ಸಾರ. ಆದ್ದರಿಂದ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಗ್ರಾಮೀಣ ಪತ್ತಿನ ಸಹಕಾರ ಸಂಘ. ಮೊನ್ನೆ ಸಂಜೆ 4 ಗಂಟೆಯ ಸುಮಾರಿಗೆ ಸಿಡಿಲು ಬಡಿದು ಕಚೇರಿಯ ಸರ್ವರ್ ಸುಟ್ಟುಹೋಯಿತು. ಸದಸ್ಯರ ಸಾಲ ಮತ್ತು ಠೇವಣಿಯ ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿತ್ತು. ಪ್ರತಿ ರಾತ್ರಿ 11 ಗಂಟೆಗೆ ತೆಗೆಯುವ ಡಂಪ್ ಕಡತ (ಡೇಟಾಬೇಸಿನ ಬ್ಯಾಕಪ್ ಪ್ರತಿ) ಒಂದು ಹೊರ ಹಾರ್ಡ್‌ಡಿಸ್ಕಿನಲ್ಲಿ ಉಳಿದಿದೆ. ಹೊಸ ಕಂಪ್ಯೂಟರಿಗೆ ಆ ಡಿಸ್ಕ್ ಜೋಡಿಸಿ ಕೂಡಲೇ ಲೆಕ್ಕ ಮರಳಿ ತರಬಹುದೆಂದು ತಂತ್ರಜ್ಞರು ಹೇಳುತ್ತಾರೆ. ಹಾಗೆ ಮಾಡಬಹುದೆ?
— ಕಾರ್ಯದರ್ಶಿ, ಶಿವಮೊಗ್ಗ ಜಿಲ್ಲೆ

ಉತ್ತರ: ಇವರಿಗೆ ಪತ್ರ ತಲುಪಿದ ದಿನವೇ ಚುಟುಕಾಗಿ ಉತ್ತರಿಸಿದ್ದೆ, ಇತರರಿಗೂ ಉಪಯೋಗವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಲೆಕ್ಕ ಮರಳಿ ತರಬಹುದು, ಆದರೆ ಆ ಡಿಸ್ಕಿನಿಂದ ನೇರವಾಗಿ ಬೇಡ. ಈ ಕ್ಷಣದಲ್ಲಿ ಸಂಘದ ಇಡೀ ಲೆಕ್ಕ ಇರುವುದು ಒಂದೇ ಕಡತದಲ್ಲಿ, ಆ ಕಡತ ಇರುವುದು ಒಂದೇ ಡಿಸ್ಕಿನಲ್ಲಿ. ಅವಸರದಲ್ಲಿ ಕೈತಪ್ಪಿ ಫಾರ್ಮ್ಯಾಟ್ ಆಗುವುದು, ಹೊಸ ಯಂತ್ರದ ರಾತ್ರಿಯ ಬ್ಯಾಕಪ್ ಕೆಲಸ ತಾನಾಗಿ ಆರಂಭವಾಗಿ ಖಾಲಿ ಡೇಟಾಬೇಸಿನ ಡಂಪನ್ನು ಹಳೆಯದರ ಮೇಲೆಯೇ ಬರೆದುಬಿಡುವುದು ನಾನು ಕಂಡ ಸಂಗತಿಗಳೇ. ಆದ್ದರಿಂದ ಮೊದಲು ಡಿಸ್ಕನ್ನು ಸಂಬಂಧವಿಲ್ಲದ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಆ ಕಡತವನ್ನೂ ಅದರ ಹಿಂದಿನ ನಾಲ್ಕಾರು ದಿನಗಳ ಕಡತಗಳನ್ನೂ ಎರಡು ಬೇರೆ ಬೇರೆ ಕಡೆ ನಕಲು ಮಾಡಿ, ನಕಲು ಮತ್ತು ಮೂಲದ ಚೆಕ್‌ಸಮ್ (ಕಡತದೊಳಗಿನ ಮಾಹಿತಿಯಿಂದ ಲೆಕ್ಕಹಾಕಿ ಬರುವ ಗುರುತಿನ ಸಂಖ್ಯೆ) ಒಂದೇ ಆಗಿವೆಯೆಂದು ನೋಡಿ, ಬಳಿಕ ಮೂಲ ಡಿಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಇನ್ನು ಮುಂದಿನ ಕೆಲಸವೆಲ್ಲ ನಕಲಿನ ಮೇಲೆಯೇ ನಡೆಯಬೇಕು. ಸುಟ್ಟ ಸರ್ವರಿನ ಡಿಸ್ಕನ್ನೂ ಎಸೆಯಬೇಡಿ. ಅದಕ್ಕೆ ಮತ್ತೆ ಮತ್ತೆ ವಿದ್ಯುತ್ ಕೊಟ್ಟು ಪರೀಕ್ಷಿಸಲೂ ಬೇಡಿ. ಸುಟ್ಟಿರುವುದು ಬರಿಯ ವಿದ್ಯುತ್ ಪೂರೈಕೆಯ ಭಾಗವಾಗಿದ್ದರೆ ಡಿಸ್ಕ್ ಜೀವಂತವಾಗಿರುವ ಸಂಭವವಿದೆ, ಆಗ ಆ ದಿನ ಸಂಜೆಯವರೆಗಿನ ಲೆಕ್ಕವೂ ಸಿಗುತ್ತದೆ.

ಹೊಸ ಯಂತ್ರದಲ್ಲಿ ಹಾಕುವ ಪೋಸ್ಟ್‌ಗ್ರೆಸ್ ಹಳೆಯ ಆವೃತ್ತಿಯದೇ ಆಗಿರಬೇಕೆಂಬ ಕಡ್ಡಾಯವಿಲ್ಲ. ಡಂಪ್ ಎಂದರೆ ಟೇಬಲುಗಳನ್ನು ಮತ್ತೆ ಕಟ್ಟುವ ಆಜ್ಞೆಗಳೂ ಅವುಗಳೊಳಗಿನ ಸಾಲುಗಳೂ ಸೇರಿದ ಕಡತ. ಹಳೆಯ ಆವೃತ್ತಿಯಿಂದ ತೆಗೆದದ್ದು ಸಾಮಾನ್ಯವಾಗಿ ಹೊಸ ಆವೃತ್ತಿಗೆ ಸೇರುತ್ತದೆ. ಆದರೆ ಒಂದು ಡೇಟಾಬೇಸಿನ ಡಂಪಿನಲ್ಲಿ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್‌ಗಳು ಇರುವುದಿಲ್ಲ, ಏಕೆಂದರೆ ಅವು ಇಡೀ ಸರ್ವರಿಗೆ ಸೇರಿದವು ಮತ್ತು ಅವನ್ನು ಪ್ರತ್ಯೇಕವಾಗಿ ತೆಗೆದಿಡಬೇಕು. ಇದು ಗೊತ್ತಿಲ್ಲದೆ ಮರುಸ್ಥಾಪನೆಗೆ ಕುಳಿತವರಿಗೆ ಮೊದಲ ಸಾಲಿನಿಂದಲೇ ‘ಇಂಥ ಬಳಕೆದಾರ ಇಲ್ಲ’ ಎಂಬ ದೋಷಗಳು ಸುರಿಯುತ್ತವೆ. ನಿಮ್ಮ ತಂತ್ರಾಂಶ ಯಾವ ಹೆಸರಿನಿಂದ ಡೇಟಾಬೇಸಿಗೆ ಪ್ರವೇಶಿಸುತ್ತಿತ್ತು ಎಂಬುದನ್ನು ತಂತ್ರಾಂಶ ಕೊಟ್ಟವರಿಂದ ತಿಳಿದು, ಅದೇ ಹೆಸರನ್ನು ಮೊದಲು ಸೃಷ್ಟಿಸಿಕೊಳ್ಳಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಪೋಸ್ಟ್‌ಗ್ರೆಸಿನ ಮರುಸ್ಥಾಪನೆಯ ಉಪಕರಣವು ನಡುವೆ ದೋಷ ಬಂದರೂ ನಿಲ್ಲದೆ ಮುಂದುವರಿಯುತ್ತದೆ. ಎಷ್ಟು ದೋಷಗಳನ್ನು ಕಡೆಗಣಿಸಿದೆ ಎಂಬುದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಮಾತ್ರ ತಿಳಿಸುತ್ತದೆ. ಪರದೆಯ ಮೇಲೆ ಅಕ್ಷರಗಳು ಓಡಿ ನಿಂತವೆಂದರೆ ಕೆಲಸ ಮುಗಿಯಿತೆಂದು ತಿಳಿಯುವುದು ಇಲ್ಲಿ ಅಪಾಯಕಾರಿ, ಏಕೆಂದರೆ ಒಂದು ಟೇಬಲ್ ಪೂರ್ತಿ ಬಿಟ್ಟುಹೋಗಿದ್ದರೂ ತಂತ್ರಾಂಶ ತೆರೆದುಕೊಳ್ಳಬಹುದು, ಕೊರತೆ ಗೊತ್ತಾಗುವುದು ವರ್ಷದ ಕೊನೆಯ ಲೆಕ್ಕಪರಿಶೋಧನೆಯಲ್ಲಿ. ಆದ್ದರಿಂದ ಮೊದಲ ದೋಷಕ್ಕೇ ನಿಲ್ಲಬೇಕೆಂಬ ಆಯ್ಕೆಯನ್ನು ಕೊಟ್ಟು, ಬೇರೆ ಹೆಸರಿನ ಖಾಲಿ ಡೇಟಾಬೇಸಿಗೆ ಮರುಸ್ಥಾಪಿಸಿ, ಇಡೀ ಸಂದೇಶಮಾಲೆಯನ್ನು ಒಂದು ಕಡತಕ್ಕೆ ಉಳಿಸಿಕೊಳ್ಳಿ. ಮುಗಿದ ಬಳಿಕ, ಟೇಬಲುಗಳ ಅಂಕಿಅಂಶ ಸಂಗ್ರಹಿಸುವ ‘ಅನಲೈಸ್’ ಆಜ್ಞೆಯನ್ನು ಒಮ್ಮೆ ಓಡಿಸಿ. ಅದಿಲ್ಲದಿದ್ದರೆ ಲೆಕ್ಕವೆಲ್ಲ ಸರಿಯಿದ್ದರೂ ತಂತ್ರಾಂಶ ಬಹಳ ನಿಧಾನವಾಗಬಹುದು, ಮರುಸ್ಥಾಪನೆಯೇ ಕೆಟ್ಟಿದೆಯೆಂಬ ಅನುಮಾನ ಹುಟ್ಟಬಹುದು.

ಇಲ್ಲಿಂದ ಮುಂದೆ ತಂತ್ರಜ್ಞರಿಗಿಂತ ನಿಮ್ಮ ಗುಮಾಸ್ತರ ಕೆಲಸ ದೊಡ್ಡದು. ಹಿಂದಿನ ದಿನದ ಆಖೈರು ಶಿಲ್ಕು ನಗದು ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ಡೇಟಾಬೇಸಿನಲ್ಲೂ ಇದೆಯೆ, ಠೇವಣಿಯ ಒಟ್ಟು ಮೊತ್ತ ತಾಳೆಯಾಗುತ್ತದೆಯೆ, ಸದಸ್ಯರ ಸಂಖ್ಯೆ ಸರಿಯಿದೆಯೆ ಎಂದು ನೋಡಬೇಕು. ಆಮೇಲೆ ರಾತ್ರಿ 11ರಿಂದ ಮರುದಿನ ಸಂಜೆ 4ರವರೆಗಿನ 17 ಗಂಟೆಗಳ ಪ್ರಶ್ನೆ ಬರುತ್ತದೆ. ಆ ಅವಧಿಯ ವ್ಯವಹಾರ ಡಂಪಿನಲ್ಲಿಲ್ಲ, ಅದನ್ನು ಚೀಟಿ ಮತ್ತು ರಸೀದಿಯ ಪ್ರತಿಗಳಿಂದಲೇ ಮತ್ತೆ ತುಂಬಬೇಕು. ಮರುಸ್ಥಾಪಿಸಿದ ಡೇಟಾಬೇಸಿಗೆ ಗೊತ್ತಿರುವುದು ಹಿಂದಿನ ರಾತ್ರಿಯ ಕೊನೆಯ ರಸೀದಿ ಸಂಖ್ಯೆ ಮಾತ್ರ. ಅದು 4,210 ಎಂದಿಟ್ಟುಕೊಳ್ಳಿ. ಮರುದಿನ ನೀವು 4,211ರಿಂದ 4,263ರವರೆಗೆ ರಸೀದಿ ಮುದ್ರಿಸಿ ಸದಸ್ಯರ ಕೈಗೆ ಕೊಟ್ಟಿದ್ದೀರಿ. ಹಾಗೆಯೇ ಕೌಂಟರ್ ತೆರೆದರೆ ಹೊಸಬರೊಬ್ಬರಿಗೆ 4,211 ಎಂಬ ಸಂಖ್ಯೆಯ ಎರಡನೆಯ ರಸೀದಿ ಹೋಗುತ್ತದೆ. ಆಗ ಒಂದೇ ಸಂಖ್ಯೆಯ ಎರಡು ರಸೀದಿ ಊರಿನಲ್ಲಿ ಓಡಾಡುತ್ತವೆ, ಎರಡೂ ನಿಜವೇ ಆಗಿರುತ್ತವೆ. ಹಣ ಕಟ್ಟಿದ ರೈತನ ಮಾತನ್ನು ಅನುಮಾನಿಸುವ ಸ್ಥಿತಿ ಬರಬಾರದು. ಆದ್ದರಿಂದ ಹೊಸ ವ್ಯವಹಾರಕ್ಕೆ ಮೊದಲು ರಸೀದಿ ಸಂಖ್ಯೆಯನ್ನು 4,264ಕ್ಕೆ ಅಥವಾ ಅದಕ್ಕೂ ಮುಂದಿನ ಒಂದು ಸಂಖ್ಯೆಗೆ ಏರಿಸಿ, ಹಳೆಯ 53 ರಸೀದಿಗಳನ್ನು ಅವುಗಳದೇ ಸಂಖ್ಯೆ ಮತ್ತು ದಿನಾಂಕದಲ್ಲಿ ತುಂಬಿ, ಈ ಮರುನಮೂದಿನ ವಿವರವನ್ನು ಆಡಳಿತ ಮಂಡಳಿಯ ನಡಾವಳಿ ಪುಸ್ತಕದಲ್ಲಿ ಬರೆಸಿ.

ಪ್ರಶ್ನೆ: ಸರ್ವರ್ ಕೆಟ್ಟ ನಂತರ ಶಾಲೆಯ ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಬ್ಯಾಕಪ್‌ನಿಂದ ಮರಳಿ ತಂದೆವು. ಅಂಕಿಗಳೆಲ್ಲ ಸರಿಯಿವೆ. ಕನ್ನಡದಲ್ಲಿದ್ದ ಮಕ್ಕಳ ಹೆಸರುಗಳು ಮಾತ್ರ ಹಾಳಾಗಿವೆ. ಅವು ಹೋದಂತೆಯೆ?
— ಶಿಕ್ಷಕರು, ಮೈಸೂರು

ಉತ್ತರ: ಅದು ಹೇಗೆ ಹಾಳಾಗಿದೆ ಎಂಬುದರ ಮೇಲೆ ಉತ್ತರ ನಿಂತಿದೆ, ನೀವು ಅದನ್ನೇ ಬರೆದಿಲ್ಲ. ‘ಕನ್ನಡ’ ಎಂಬ ಪದದ ಜಾಗದಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತಿದ್ದರೆ (ಯೂನಿಕೋಡ್ ಲೆಕ್ಕದಲ್ಲಿ ಆ ಪದಕ್ಕೆ ಐದು ಸಂಕೇತಗಳು) ಆ ಟೇಬಲಿನಲ್ಲಿ ಅಕ್ಷರಗಳು ನಿಜವಾಗಿಯೂ ಅಳಿಸಿಹೋಗಿವೆ. ಪ್ರತಿ ಸಂಕೇತಕ್ಕೆ ಮೂರು ಮೂರು ವಿಚಿತ್ರ ಚಿಹ್ನೆಗಳಾಗಿ, ಅದರಲ್ಲೂ ನೆತ್ತಿಯ ಮೇಲೆ ಗೆರೆಯಿರುವ ಇಂಗ್ಲಿಷಿನ ಸಣ್ಣ ‘ಎ’ ಮತ್ತೆ ಮತ್ತೆ ಕಾಣುತ್ತಿದ್ದರೆ, ಅಕ್ಷರಗಳು ಎಲ್ಲಿಯೂ ಹೋಗಿಲ್ಲ. ಅವುಗಳನ್ನು ಓದುವ ಕ್ರಮ ತಪ್ಪಿದೆ. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಒಂದೊಂದು ಬೈಟೂ ಒಂದೊಂದು ಅಕ್ಷರವೆಂದು ಎಣಿಸುವ ‘ಲ್ಯಾಟಿನ್-1’ ಕ್ರಮದಲ್ಲಿ ಅದನ್ನು ಓದಿದಾಗ ಒಂದು ಅಕ್ಷರ ಮೂರಾಗಿ ಒಡೆಯುತ್ತದೆ. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0ಕ್ಕಿಂತ ಹಿಂದೆ ಈ ಲ್ಯಾಟಿನ್-1 ಕ್ರಮವೇ ಮೂಲ ಹೊಂದಾಣಿಕೆಯಾಗಿದ್ದುದರಿಂದ, ಹಳೆಯ ಸರ್ವರಿನಿಂದ ಹೊಸದಕ್ಕೆ ಬಂದವರಿಗೆ ಈ ತೊಂದರೆ ಎದುರಾಗುತ್ತದೆ.

ಎರಡೂ ಸಂದರ್ಭಗಳಲ್ಲಿ ಮೊದಲ ಕೆಲಸ ಒಂದೇ: ಹೊಸ ಡೇಟಾಬೇಸಿನಲ್ಲಿ ಏನನ್ನೂ ತಿದ್ದದೆ, ಡಂಪ್ ಕಡತದ ನಕಲನ್ನು ಪಠ್ಯ ಸಂಪಾದಕದಲ್ಲಿ ತೆರೆದು ನೋಡಿ. ಕಡತದೊಳಗೆ ಹೆಸರುಗಳು ಸರಿಯಾಗಿ ಕಂಡರೆ ತಪ್ಪು ನಡೆದದ್ದು ತುಂಬುವಾಗ. ಅಕ್ಷರಕ್ರಮವನ್ನು ‘ಯುಟಿಎಫ್8ಎಂಬಿ4’ (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಎಂದು ಸ್ಪಷ್ಟವಾಗಿ ಹೇಳಿ ಮತ್ತೊಮ್ಮೆ ತುಂಬಿದರೆ ಸಾಕು, ಪ್ರಶ್ನಾರ್ಥಕ ಚಿಹ್ನೆಯಾಗಿದ್ದವೂ ಮರಳುತ್ತವೆ. ಕಡತದಲ್ಲೇ ಮೂರು ಚಿಹ್ನೆಗಳ ರೂಪವಿದ್ದರೆ, ಡೇಟಾಬೇಸಿನಿಂದ ಲ್ಯಾಟಿನ್-1 ಎಂದು ಹೇಳಿ ಡಂಪ್ ತೆಗೆದು, ಕಡತದಲ್ಲಿರುವ ಅಕ್ಷರಕ್ರಮದ ಹೆಸರನ್ನು ಯುಟಿಎಫ್8ಎಂಬಿ4 ಎಂದು ಬದಲಿಸಿ, ಹೊಸ ಡೇಟಾಬೇಸಿಗೆ ತುಂಬುವ ಉಪಾಯ ಬಹುಮಟ್ಟಿಗೆ ಫಲ ಕೊಡುತ್ತದೆ. ಕಡತದಲ್ಲೇ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಆ ಕಡತದಿಂದ ಹೆಸರು ಸಿಗುವುದಿಲ್ಲ. ಹಿಂದಿನ ವರ್ಷಗಳ ಡಂಪ್ ಅಥವಾ ದಾಖಲಾತಿ ಪುಸ್ತಕವನ್ನೇ ಆಶ್ರಯಿಸಬೇಕು.

ಮೂರನೆಯ ಸಾಧ್ಯತೆಯೂ ಇದೆ. ಹಳೆಯ ತಂತ್ರಾಂಶವಾದರೆ ಹೆಸರುಗಳನ್ನು ಯೂನಿಕೋಡ್ ಅಲ್ಲದ ನುಡಿ ಅಕ್ಷರಶೈಲಿಯ ಸಂಕೇತದಲ್ಲಿ ಉಳಿಸಿರಬಹುದು. ಅಂಥ ಮಾಹಿತಿ ಆ ಅಕ್ಷರಶೈಲಿ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅದು ಕೆಟ್ಟಿಲ್ಲ, ನುಡಿಯನ್ನು ಹಾಕಿ ನೋಡಿ, ಆಮೇಲೆ ನಿಧಾನವಾಗಿ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಪ್ರಶ್ನೆ: ನಾನು ಕೆಲಸ ಮಾಡುವ ಸಣ್ಣ ಕಂಪನಿಯಲ್ಲಿ ಮುಖ್ಯ ಡೇಟಾಬೇಸಿಗೆ ಸದಾ ಜೊತೆಯಾಗಿ ನಡೆಯುವ ಎರಡನೆಯ ಸರ್ವರ್ ಇದೆ. ಮೊದಲನೆಯದು ಹೋದರೆ ಎರಡನೆಯದು ನಿಮಿಷದಲ್ಲಿ ಅದರ ಜಾಗ ತೆಗೆದುಕೊಳ್ಳುತ್ತದೆ. ಹೀಗಿರುವಾಗ ಬ್ಯಾಕಪ್‌ಗೆಂದು ಬೇರೆ ಖರ್ಚು ಏಕೆಂದು ವ್ಯವಸ್ಥಾಪಕರು ಕೇಳುತ್ತಾರೆ.
— ಯುವ ಎಂಜಿನಿಯರ್, ಬೆಂಗಳೂರು

ಉತ್ತರ: ಯಂತ್ರ ಸುಟ್ಟರೆ ಎರಡನೆಯ ಸರ್ವರ್ ಕಾಪಾಡುತ್ತದೆ, ನಿಜ. ಆದರೆ ಮನುಷ್ಯನ ಕೈತಪ್ಪಿಗೆ ಅದರಲ್ಲಿ ಪರಿಹಾರವಿಲ್ಲ. ಮುಖ್ಯ ಸರ್ವರಿನಲ್ಲಿ ಯಾರಾದರೂ ಒಂದು ಟೇಬಲನ್ನು ಅಳಿಸಿದರೆ, ಆ ಅಳಿಸುವಿಕೆಯೂ ನಿಷ್ಠೆಯಿಂದ ಕ್ಷಣಮಾತ್ರದಲ್ಲಿ ಎರಡನೆಯದನ್ನು ತಲುಪುತ್ತದೆ. ನಿಮ್ಮ ವ್ಯವಸ್ಥಾಪಕರಿಗೆ, ತಂತ್ರಾಂಶ ಬರೆಯುವವರ ಕೋಡನ್ನು ಇಟ್ಟುಕೊಳ್ಳುವ ಜಾಲತಾಣವಾದ ಗಿಟ್‌ಲ್ಯಾಬ್‌ನ ಪ್ರಸಂಗವನ್ನು ಹೇಳಿ. ಆ ಸಂಸ್ಥೆ ತಾನೇ ಪ್ರಕಟಿಸಿದ ವಿವರಗಳಿಂದಾಗಿ ಅದನ್ನು ಯಾರು ಬೇಕಾದರೂ ಅಭ್ಯಾಸ ಮಾಡಬಹುದು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಡಾಟ್ ಕಾಮ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ಭಾರ ಹೆಚ್ಚಿ, ಎರಡನೆಯ ಸರ್ವರ್ ಮುಖ್ಯ ಸರ್ವರಿಗಿಂತ ಬಹಳ ಹಿಂದೆ ಬಿದ್ದಿತು. ಅದನ್ನು ಮೊದಲಿನಿಂದ ತುಂಬಿಸುವ ಪ್ರಯತ್ನ ಮತ್ತೆ ಮತ್ತೆ ನಿಂತುಹೋಗುತ್ತಿತ್ತು. ದತ್ತಾಂಶದ ಡೈರೆಕ್ಟರಿಯಲ್ಲಿ ಉಳಿದ ಹಳೆಯ ಕಡತಗಳೇ ಅಡ್ಡಿಯಿರಬೇಕೆಂದು ಊಹಿಸಿದ ಎಂಜಿನಿಯರೊಬ್ಬರು ಆ ಡೈರೆಕ್ಟರಿಯನ್ನು ಅಳಿಸುವ ಆಜ್ಞೆ ಕೊಟ್ಟರು. ಆಜ್ಞೆ ಹೋದದ್ದು ಎರಡನೆಯ ಸರ್ವರಿಗಲ್ಲ, ಮುಖ್ಯ ಸರ್ವರಿಗೆ. ಒಂದೆರಡು ಸೆಕೆಂಡುಗಳಲ್ಲಿ ಅವರಿಗೆ ಅರಿವಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5 ಗಿಗಾಬೈಟ್ ಮಾತ್ರ.

ನಿಜವಾದ ಪಾಠ ಇರುವುದು ಅಲ್ಲಿಂದ ಮುಂದೆ. ಪ್ರತಿದಿನ ಡಂಪ್ ತೆಗೆದು ಅಮೆಜಾನಿನ ಸಂಗ್ರಹಕ್ಕೆ ಕಳುಹಿಸುವ ವ್ಯವಸ್ಥೆ ಅವರಲ್ಲಿತ್ತು. ಹೋಗಿ ನೋಡಿದರೆ ಸಂಗ್ರಹ ಖಾಲಿ. ಡೇಟಾಬೇಸ್ 9.6 ಆವೃತ್ತಿಯದಾಗಿದ್ದು, ಡಂಪ್ ತೆಗೆಯುವ ಉಪಕರಣ 9.2 ಆವೃತ್ತಿಯದಾಗಿದ್ದುದರಿಂದ ಪ್ರತಿ ದಿನವೂ ಆ ಕೆಲಸ ಸೋಲುತ್ತಿತ್ತು. ಸೋಲನ್ನು ತಿಳಿಸುವ ಇಮೇಲ್‌ಗಳು ಹೋಗುತ್ತಿದ್ದವು, ಆದರೆ ಸಹಿ ಸರಿಯಿಲ್ಲವೆಂದು ಅವನ್ನು ಅಂಚೆ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಮೋಡ ಸೇವೆಯ (ಕ್ಲೌಡ್) ಡಿಸ್ಕ್ ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕಿನ ಸ್ಥಿತಿಯ ಪ್ರತಿ) ಸೌಲಭ್ಯವನ್ನು ಬೇರೆ ಸರ್ವರುಗಳಿಗೆ ಹಾಕಿದ್ದರು, ಡೇಟಾಬೇಸಿನದಕ್ಕೆ ಹಾಕಿರಲಿಲ್ಲ. ಕೊನೆಗೆ ಅವರನ್ನು ಕಾಪಾಡಿದ್ದು ಸುಮಾರು ಆರು ಗಂಟೆ ಮೊದಲು ಬೇರಾವುದೋ ಪ್ರಯೋಗಕ್ಕೆಂದು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಪರೀಕ್ಷಾ ಸರ್ವರಿನ ನಿಧಾನದ ಡಿಸ್ಕಿನಿಂದ ಅದನ್ನು ನಕಲು ಮಾಡಬೇಕಾಗಿ ಬಂದು, ಸೇವೆ ಸುಮಾರು 18 ಗಂಟೆ ನಿಂತಿತು. ಆರು ಗಂಟೆಗಳ ಅವಧಿಯ ಸುಮಾರು 5,000 ಯೋಜನೆಗಳ ದಾಖಲೆ, 5,000 ಟಿಪ್ಪಣಿ ಮತ್ತು 700 ಹೊಸ ಖಾತೆಗಳು ಮರಳಲಿಲ್ಲ. ಆ ಸಂಸ್ಥೆ ಇದನ್ನು ಮುಚ್ಚಿಡದೆ, ಮರುಸ್ಥಾಪನೆಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು, ತಪ್ಪನ್ನು ಒಬ್ಬ ವ್ಯಕ್ತಿಯ ತಲೆಗೆ ಕಟ್ಟಲಿಲ್ಲ. ಇದನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಹೀಗಾಗಿ ಎರಡನೆಯ ಸರ್ವರಿನ ಜೊತೆಗೆ ನೀವು ಕೇಳಬೇಕಾದದ್ದು ವಾಲ್ ಕಡತಗಳ ಸಂಗ್ರಹ. ಪೋಸ್ಟ್‌ಗ್ರೆಸ್ ಯಾವ ಬದಲಾವಣೆಯನ್ನೂ ಮೊದಲು ವಾಲ್ ಎಂಬ ದಿನವಹಿಯಂಥ ಒಂದು ಕಡತದಲ್ಲಿ ಬರೆದು, ಆಮೇಲೆ ಟೇಬಲಿಗೆ ಒಯ್ಯುತ್ತದೆ. ಸಾಮಾನ್ಯವಾಗಿ 16 ಮೆಗಾಬೈಟ್‌ನಷ್ಟಿರುವ ಈ ಕಡತಗಳನ್ನು ತುಂಬಿದಂತೆಲ್ಲ ಬೇರೆಡೆಗೆ ಸಾಗಿಸುತ್ತಿದ್ದರೆ, ವಾರಕ್ಕೊಮ್ಮೆ ತೆಗೆದ ಪೂರ್ಣ ಪ್ರತಿಯ ಮೇಲೆ ಅವುಗಳನ್ನು ಸಾಲಾಗಿ ನಡೆಸಿ, ಟೇಬಲ್ ಅಳಿದ 3 ಗಂಟೆ 20 ನಿಮಿಷಕ್ಕೆ ಮುಂಚಿನ 3 ಗಂಟೆ 19 ನಿಮಿಷದ ಸ್ಥಿತಿಗೆ ಡೇಟಾಬೇಸನ್ನು ತಂದು ನಿಲ್ಲಿಸಬಹುದು. ಈ ಸೌಲಭ್ಯ 2005ರಲ್ಲಿ ಬಂದ 8.0 ಆವೃತ್ತಿಯಿಂದಲೂ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕೆಲಸವನ್ನು ಬಿನ್‌ಲಾಗ್ ಕಡತಗಳು ಮಾಡುತ್ತವೆ. ಸರಪಳಿಯಲ್ಲಿ ಒಂದೇ ಒಂದು ಕಡತ ಕಾಣೆಯಾದರೂ ಅದರಾಚೆಗೆ ಹೋಗಲಾಗುವುದಿಲ್ಲ. ಆದ್ದರಿಂದ ಕಡತಗಳು ಸಾಗುತ್ತಿವೆಯೆಂಬ ಸಂದೇಶವನ್ನಷ್ಟೇ ನಂಬದೆ, ಅತ್ತ ತಲುಪಿದ ಕೊನೆಯ ಕಡತದ ಸಮಯವನ್ನು ನೋಡುವ ಎಚ್ಚರಿಕೆ ಗಂಟೆಯೊಂದನ್ನು ಇಟ್ಟುಕೊಳ್ಳಿ.

ಪ್ರಶ್ನೆ: ಬ್ಯಾಕಪ್ ಯಾವುದೂ ಇಲ್ಲ. ಸರ್ವರ್ ಏಳುತ್ತಿಲ್ಲ, ಆದರೆ ಡಿಸ್ಕ್ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆ. ಡೇಟಾಬೇಸಿನ ಡೈರೆಕ್ಟರಿ ಕಾಣುತ್ತಿದೆ. ಅದರಿಂದ ಬದುಕಬಹುದೆ?
— ಔಷಧ ವ್ಯಾಪಾರಿ, ವಿಜಯಪುರ

ಉತ್ತರ: ಬಹುಮಟ್ಟಿಗೆ ಬದುಕಬಹುದು. ಡೈರೆಕ್ಟರಿಯನ್ನು ಇಡಿಯಾಗಿ, ಒಂದು ಕಡತವನ್ನೂ ಬಿಡದೆ ನಕಲು ಮಾಡಿ. ಪೋಸ್ಟ್‌ಗ್ರೆಸಿನಲ್ಲಿ ಈಗಷ್ಟೇ ಹೇಳಿದ ವಾಲ್ ಕಡತಗಳಿದ್ದ ಡೈರೆಕ್ಟರಿಯ ಹಳೆಯ ಹೆಸರಿನಲ್ಲಿ ‘ಲಾಗ್’ ಎಂಬ ಪದವಿತ್ತು. ಬೇಡದ ಲಾಗ್ ಕಡತಗಳೆಂದು ಭಾವಿಸಿ ಜನ ಅದನ್ನು ಅಳಿಸಿ ಡೇಟಾಬೇಸನ್ನೇ ಕಳೆದುಕೊಳ್ಳುತ್ತಿದ್ದುದರಿಂದ 2017ರ 10ನೇ ಆವೃತ್ತಿಯಲ್ಲಿ ಆ ಹೆಸರನ್ನೇ ಬದಲಿಸಿದರು. ಡಂಪಿನಂತಲ್ಲದೆ, ಇಲ್ಲಿ ಹೊಸ ಯಂತ್ರದ ಪೋಸ್ಟ್‌ಗ್ರೆಸ್ ಅದೇ ಪ್ರಧಾನ ಆವೃತ್ತಿಯದಾಗಿರಲೇಬೇಕು. ಹೊಸ ಯಂತ್ರದ ಲಿನಕ್ಸ್ ಹಳೆಯದಕ್ಕಿಂತ ಬೇರೆ ಪೀಳಿಗೆಯದಾಗಿದ್ದರೆ ಪಠ್ಯದ ಮೇಲಿನ ಇಂಡೆಕ್ಸ್‌ಗಳನ್ನೆಲ್ಲ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಗಳು) ಮತ್ತೆ ಕಟ್ಟಿಸಿ, ಏಕೆಂದರೆ ಲಿನಕ್ಸಿನ ಮೂಲ ತಂತ್ರಾಂಶ ಭಾಗವಾದ ಗ್ಲಿಬ್‌ಸಿಯ 2018ರ 2.28 ಆವೃತ್ತಿಯಲ್ಲಿ ಪದಗಳನ್ನು ಜೋಡಿಸುವ ಕ್ರಮವೇ ಬದಲಾಯಿತು. ಹಳೆಯ ಕ್ರಮದ ಇಂಡೆಕ್ಸಿನಲ್ಲಿ ಹುಡುಕಿದರೆ ಇರುವ ಔಷಧವೂ ಇಲ್ಲವೆಂದು ಉತ್ತರ ಬರಬಹುದು.

ಮೈಎಸ್‌ಕ್ಯೂಎಲ್ ಆಗಿದ್ದು, ಏಳಲು ನಿರಾಕರಿಸಿದರೆ, ‘ಬಲವಂತದ ಚೇತರಿಕೆ’ಯ ಹೊಂದಾಣಿಕೆಯಲ್ಲಿ 1ರಿಂದ 6ರವರೆಗೆ ಹಂತಗಳಿವೆ. 1ರಿಂದ ಆರಂಭಿಸಿ ಮೇಲೇರಿ. 4 ಮತ್ತು ಅದರಾಚೆಗಿನ ಹಂತಗಳು ಕಡತಗಳನ್ನು ಶಾಶ್ವತವಾಗಿ ಕೆಡಿಸಬಲ್ಲವೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಆದ್ದರಿಂದ ನಕಲಿನ ಮೇಲಲ್ಲದೆ ಮೂಲದ ಮೇಲೆ ಅದನ್ನು ಎಂದೂ ಪ್ರಯೋಗಿಸಬೇಡಿ. ಡೇಟಾಬೇಸ್ ಎದ್ದ ಕೂಡಲೇ ಡಂಪ್ ತೆಗೆದು ಹೊಸ ಸರ್ವರಿಗೆ ತುಂಬಿ. ಅದರಲ್ಲೇ ವ್ಯಾಪಾರ ಮುಂದುವರಿಸಬೇಡಿ.

ಪ್ರಶ್ನೆ: ನಮ್ಮ ಸಂಸ್ಥೆಯ ಬ್ಯಾಕಪ್‌ಗಳು ಅದೇ ದತ್ತಾಂಶ ಕೇಂದ್ರದ ಇನ್ನೊಂದು ಸರ್ವರಿನಲ್ಲಿವೆ, ಗೂಢಲಿಪಿಯಲ್ಲೂ ಇವೆ. ಇದು ಸಾಲದೆ? ಮರುಸ್ಥಾಪನೆಯ ಪರೀಕ್ಷೆಯನ್ನು ಎಷ್ಟು ದಿನಕ್ಕೊಮ್ಮೆ ಮಾಡಬೇಕು?
— ಸ್ವಯಂಸೇವಾ ಸಂಸ್ಥೆಯೊಂದರ ಕಾರ್ಯಕರ್ತರು, ಧಾರವಾಡ

ಉತ್ತರ: ಸಾಲದು. 2021ರ ಮಾರ್ಚ್ 10ರ ನಸುಕಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಸರ್ವರುಗಳನ್ನು ಬಾಡಿಗೆಗೆ ಕೊಡುವ ಓವಿಎಚ್‌ಕ್ಲೌಡ್ ಕಂಪನಿಯ ದತ್ತಾಂಶ ಕೇಂದ್ರದ ಆವರಣಕ್ಕೆ ಬೆಂಕಿ ಬಿದ್ದು, ಐದು ಅಂತಸ್ತಿನ ಒಂದು ಕಟ್ಟಡ ಪೂರ್ತಿ ನಾಶವಾಯಿತು, ಪಕ್ಕದ್ದಕ್ಕೂ ಹಾನಿಯಾಯಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಸರ್ವರನ್ನೂ ಅದರ ಬ್ಯಾಕಪನ್ನೂ ಅದೇ ಆವರಣದಲ್ಲಿಟ್ಟಿದ್ದ ಗ್ರಾಹಕರಲ್ಲಿ ಕೆಲವರಿಗೆ ಎರಡೂ ಇಲ್ಲವಾದವು. ಒಂದು ಪ್ರತಿಯಾದರೂ ಬೇರೆ ಊರಿನಲ್ಲಿರಲಿ, ಅದನ್ನು ಅಳಿಸುವ ಅಧಿಕಾರ ಸರ್ವರಿನ ಕೈಯಲ್ಲಿ ಇರದಿರಲಿ. ಸರ್ವರಿನೊಳಗೆ ನುಗ್ಗಿ ಒತ್ತೆಹಣ ಕೇಳುವವರು ಮೊದಲು ಹುಡುಕುವುದೇ ಬ್ಯಾಕಪನ್ನು.

ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿ. ಬೇರೊಂದು ಯಂತ್ರದಲ್ಲಿ, ಸಾಧ್ಯವಾದರೆ ಬ್ಯಾಕಪ್ ವ್ಯವಸ್ಥೆಯನ್ನು ಹಾಕಿದವರಲ್ಲದ ಬೇರೊಬ್ಬರು, ಬರೆದಿಟ್ಟ ಟಿಪ್ಪಣಿಯನ್ನು ಮಾತ್ರ ನೋಡಿಕೊಂಡು ಮರುಸ್ಥಾಪಿಸಲಿ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ಟಿಪ್ಪಣಿಯನ್ನು ತಿದ್ದಿ. ಕೊನೆಯ ದಾನದ ದಿನಾಂಕ, ದಾನಿಗಳ ಸಂಖ್ಯೆ, ಒಟ್ಟು ಮೊತ್ತ ಈ ಮೂರನ್ನು ಮುಖ್ಯ ಡೇಟಾಬೇಸಿನೊಂದಿಗೆ ತಾಳೆ ನೋಡಿ, ಹಿಡಿದ ಸಮಯವನ್ನು ಬರೆದಿಡಿ. ಇಳಿಸಿಕೊಳ್ಳುವ ಸಮಯವೂ ಸಣ್ಣದಲ್ಲ: ಸೆಕೆಂಡಿಗೆ 100 ಮೆಗಾಬಿಟ್ ವೇಗವಿರುವ ಸಂಪರ್ಕದಲ್ಲಿ 200 ಗಿಗಾಬೈಟ್ ಬರಲು ಸುಮಾರು ನಾಲ್ಕೂವರೆ ಗಂಟೆ ಬೇಕು, ಇಂಡೆಕ್ಸ್‌ಗಳನ್ನು ಕಟ್ಟುವ ಸಮಯ ಅದರ ಮೇಲೆ.

ಗೂಢಲಿಪಿಯ ಕೀಲಿ ಎಲ್ಲಿದೆಯೆಂದು ನೀವು ಬರೆದಿಲ್ಲ. ಅದು ಅದೇ ಸರ್ವರಿನಲ್ಲಿ ಮಾತ್ರ ಇದ್ದರೆ, ಸರ್ವರ್ ಹೋದ ದಿನ ಬ್ಯಾಕಪ್ ಕೈಯಲ್ಲಿದ್ದೂ ತೆರೆಯಲಾಗುವುದಿಲ್ಲ. ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ, ಎರಡು ಲಕೋಟೆಗಳಲ್ಲಿ ಮುದ್ರೆ ಹಾಕಿ, ಒಂದನ್ನು ಕಚೇರಿಯ ಬೀರುವಿನಲ್ಲೂ ಇನ್ನೊಂದನ್ನು ಬ್ಯಾಂಕಿನ ಲಾಕರಿನಲ್ಲೂ ಇಡಿ. ಮೊದಲ ತಿಂಗಳ ಪರೀಕ್ಷೆಯನ್ನು ಆ ಕಾಗದದಿಂದ ಟೈಪ್ ಮಾಡಿದ ಕೀಲಿಯಿಂದಲೇ ಮಾಡಿ.